ಸಾಕ್ಷಿಯಾಗಿ ನಿಂತ ಕಲೆ: ಉಕ್ರೇನಿನ ಸಮಕಾಲೀನ ಕಲಾವಿದರ ನಾಲ್ಕು ತಲೆಮಾರುಗಳು

ಉಕ್ರೇನಿನ ಸಮಕಾಲೀನ ಕಲೆಯತ್ತ ಜಗತ್ತಿನ ಗಮನ ಹರಿದದ್ದು 2022ರ ಫೆಬ್ರುವರಿಯಲ್ಲಿ ರಷ್ಯಾ ಪೂರ್ಣಪ್ರಮಾಣದ ಆಕ್ರಮಣ ನಡೆಸಿದ ಮೇಲೆ. ಆದುದರಿಂದಲೇ ಅದನ್ನು ಯುದ್ಧದ ಕೂಸೆಂದು ಭಾವಿಸುವ ರೂಢಿ ಬೆಳೆದಿದೆ. ಈ ಗ್ರಹಿಕೆ ಸರಿಯಲ್ಲ. ಪ್ರಭುತ್ವ ತೋರಿಸುವ ಚಿತ್ರಕ್ಕೂ ಜನ ಬದುಕುವ ಬದುಕಿಗೂ ಇರುವ ಅಂತರವನ್ನು ದಾಖಲಿಸುವ ಹಠ ಅಲ್ಲಿನ ಕಲಾವಿದರಲ್ಲಿ ಬಹಳ ಹಿಂದಿನಿಂದಲೂ ಇದೆ, ಮತ್ತು ಅದಕ್ಕೆ ಅವರು ತೆತ್ತ ಬೆಲೆಯೂ ದೊಡ್ಡದು. ಬೈಜಾಂಟಿಯಂ ಪರಂಪರೆಯನ್ನೂ ಜಾನಪದ ಕಲೆಯನ್ನೂ ಬೆಸೆದು ಭಿತ್ತಿಚಿತ್ರಗಳ ಒಂದು ಪಂಥವನ್ನೇ ಕಟ್ಟಿದ ಮಿಖೈಲೊ ಬೊಯ್ಚುಕ್ ಅವರನ್ನು 1937ರಲ್ಲಿ ಸೋವಿಯತ್ ಪ್ರಭುತ್ವ ಗುಂಡಿಟ್ಟು ಕೊಂದಿತು. ಅವರ ಬಳಗದ ಬಹುಪಾಲು ಭಿತ್ತಿಚಿತ್ರಗಳೂ ಉಳಿಯಲಿಲ್ಲ. ಅಲ್ಲಾ ಹೋರ್ಸ್ಕಾ ಮತ್ತು ಸಂಗಡಿಗರು 1964ರಲ್ಲಿ ಕೀವ್ ವಿಶ್ವವಿದ್ಯಾಲಯಕ್ಕಾಗಿ ರಚಿಸಿದ ಬಣ್ಣದ ಗಾಜಿನ ಚಿತ್ರವನ್ನು ಅಧಿಕಾರಿಗಳು ಒಡೆಸಿದರು. 1970ರಲ್ಲಿ ಹೋರ್ಸ್ಕಾ ಕೊಲೆಯಾದರು.

ಇಂದಿನ ಕಲೆಯ ನೇರ ಬೇರುಗಳನ್ನು ಖಾರ್ಕಿವ್ ನಗರದಲ್ಲಿ ಹುಡುಕಬೇಕು. ಕಾರ್ಮಿಕ ಮತ್ತು ರೈತರ ಬದುಕನ್ನು ಸದಾ ಉಜ್ವಲವಾಗಿಯೇ ಚಿತ್ರಿಸಬೇಕೆಂಬ ಸಮಾಜವಾದಿ ವಾಸ್ತವವಾದ ರಾಜ್ಯದ ಏಕೈಕ ಸೌಂದರ್ಯಶಾಸ್ತ್ರವಾಗಿದ್ದ ಕಾಲದಲ್ಲಿ, 1971ರಲ್ಲಿ, ಅಲ್ಲಿ 'ವ್ರೆಮ್ಯಾ' ಎಂಬ ಛಾಯಾಗ್ರಾಹಕರ ಬಳಗ ಹುಟ್ಟಿಕೊಂಡಿತು. ಅದರ ಪ್ರಮುಖರಾದ ಬೊರಿಸ್ ಮಿಖಾಯ್ಲೊವ್ (ಜನನ 1938) ಎಂಜಿನಿಯರ್ ಆಗಿದ್ದವರು. ಪತ್ನಿಯ ನಗ್ನಚಿತ್ರಗಳು ಕೆಜಿಬಿ ಕೈಗೆ ಸಿಕ್ಕಿ ಕೆಲಸ ಕಳೆದುಕೊಂಡ ಮೇಲೆ ಛಾಯಾಗ್ರಹಣವನ್ನೇ ಬದುಕಾಗಿಸಿಕೊಂಡರು. ಜನ ತಮ್ಮ ಮನೆಯ ಹಳೆಯ ಕಪ್ಪುಬಿಳುಪು ಭಾವಚಿತ್ರಗಳನ್ನು ದೊಡ್ಡದು ಮಾಡಿಸಿ ಬಣ್ಣ ಹಚ್ಚಿಸಿಕೊಳ್ಳಲು ಕೊಡುತ್ತಿದ್ದಾಗ, ಮಿಖಾಯ್ಲೊವ್ ಅವುಗಳಿಗೆ ಕೈಯಿಂದಲೇ ಬಳಿದ ಗಾಢ ಬಣ್ಣಗಳು ಅಧಿಕೃತ ಸಂತೋಷದ ಕೃತಕತೆಯನ್ನು ತಾವಾಗಿಯೇ ಬಯಲುಮಾಡುತ್ತಿದ್ದವು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1997–98ರಲ್ಲಿ, ಅವರು ತಮ್ಮ ಊರಿನ ನಿರ್ವಸತಿಗರ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಚಿತ್ರಕ್ಕೆ ನಿಲ್ಲಲು ಅವರಿಗೆ ಹಣ ಕೊಟ್ಟದ್ದು ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಮಾರುಕಟ್ಟೆಯ ಹೊಸ ಸಮಾಜ ಯಾರನ್ನು ಬೀದಿಗೆ ಎಸೆಯಿತು ಎಂಬುದಕ್ಕೆ ಆ ಚಿತ್ರಮಾಲೆಯಷ್ಟು ನಿಷ್ಠುರವಾದ ದಾಖಲೆ ಮತ್ತೊಂದಿಲ್ಲ.

ಕೀವ್‌ನ ಹಾದಿ ಬೇರೆಯದಾಗಿತ್ತು. ಆರ್ಸೆನ್ ಸಾವಾದೊವ್ ಮತ್ತು ಜಾರ್ಜಿ ಸೆಂಚೆಂಕೊ 1987ರಲ್ಲಿ ರಚಿಸಿದ 'ಕ್ಲಿಯೋಪಾತ್ರಾಳ ದುಃಖ' ಎಂಬ ಬೃಹತ್ ವರ್ಣಚಿತ್ರದಿಂದ 'ಹೊಸ ಅಲೆ' ಮೊದಲಾಯಿತೆಂದು ವಿಮರ್ಶಕರು ಗುರುತಿಸುತ್ತಾರೆ. 1990ರಿಂದ 1994ರವರೆಗೆ ಪ್ಯಾರಿಸ್ ಕಮ್ಯೂನ್ ಬೀದಿಯ ಖಾಲಿ ಮನೆಗಳಲ್ಲಿ ಬೀಡುಬಿಟ್ಟಿದ್ದ ಈ ಅಲೆಯ ಕಲಾವಿದರಿಗೆ ರಾಜಕೀಯಕ್ಕಿಂತ ಪುರಾಣ ಮತ್ತು ವೈಭವದ ಚಿತ್ರಭಾಷೆಯೇ ಪ್ರಿಯವಾಗಿತ್ತು. ಸಾವಾದೊವ್ ಮಾತ್ರ 1997ರಲ್ಲಿ ಪೂರ್ವದ ಕಲ್ಲಿದ್ದಲು ಸೀಮೆ ದೊನ್ಬಾಸ್‌ನ ಗಣಿಗಿಳಿದು, ಮಸಿ ಮೆತ್ತಿದ ಕಾರ್ಮಿಕರಿಗೆ ಬ್ಯಾಲೆ ನರ್ತಕಿಯರ ಬಿಳಿ ಲಂಗ ತೊಡಿಸಿ ಛಾಯಾಚಿತ್ರ ತೆಗೆದು, ಸೋವಿಯತ್ ನಾಡಿನ ಎರಡು ಹೆಮ್ಮೆಗಳನ್ನು ಒಂದೇ ಚೌಕಟ್ಟಿನಲ್ಲಿ ಎದುರುಬದುರಾಗಿಸಿದರು.

ಚುನಾವಣಾ ಅಕ್ರಮದ ವಿರುದ್ಧ ಎದ್ದ 2004ರ ಕಿತ್ತಳೆ ಕ್ರಾಂತಿ ಕಲಾವಿದರನ್ನು ಮತ್ತೆ ಬೀದಿಗೆ ಕರೆತಂದಿತು. ಆ ಚಳವಳಿಯ ನಡುವೆಯೇ ರೂಪುಗೊಂಡ 'ಆರ್‌ಇಪಿ' ಎಂಬ ತಂಡದಿಂದ ಮುಂದಿನ ತಲೆಮಾರಿನ ಮುಖ್ಯ ಕಲಾವಿದರು ಹೊಮ್ಮಿದರು. ಅವರಲ್ಲೊಬ್ಬರಾದ ನಿಕಿತಾ ಕಾದಾನ್, ಪೊಲೀಸರ ಚಿತ್ರಹಿಂಸೆಯ ವಿಧಾನಗಳನ್ನು ಸೋವಿಯತ್ ಕಾಲದ ಜನಪ್ರಿಯ ವೈದ್ಯಕೀಯ ವಿಶ್ವಕೋಶದ ಸೌಮ್ಯ ರೇಖಾಚಿತ್ರಗಳ ಶೈಲಿಯಲ್ಲಿ ಪಿಂಗಾಣಿ ತಟ್ಟೆಗಳ ಮೇಲೆ ಮೂಡಿಸಿದರು. ಹಿಂಸೆಗೆ ಒಳಗಾದವನ ಮುಖದಲ್ಲಿ ನೋವಿನ ಗೆರೆಯೂ ಕಾಣದಿರುವುದೇ ಆ ಕೃತಿಯ ಕಠೋರತೆ. ಅದೇ ತಂಡದ ವೊಲೊದಿಮಿರ್ ಕುಜ್ನೆತ್ಸೊವ್ 2013ರಲ್ಲಿ ಕೀವ್‌ನ ಒಂದು ದೊಡ್ಡ ಕಲಾಕೇಂದ್ರದ ಗೋಡೆಯ ಮೇಲೆ ಬರೆದ, ಪಾದ್ರಿ ಮತ್ತು ನ್ಯಾಯಾಧೀಶರು ನರಕದಲ್ಲಿ ಬೇಯುವ ಭಿತ್ತಿಚಿತ್ರದ ಮೇಲೆ ಕಪ್ಪು ಬಣ್ಣ ಬಳಿಸಲಾಯಿತು. ಸ್ವತಂತ್ರ ದೇಶದಲ್ಲೂ ಹೋರ್ಸ್ಕಾ ಅವರ ಗಾಜಿನ ಚಿತ್ರದ ಗತಿ ಮರುಕಳಿಸಿತು.

2014ರಲ್ಲಿ ದೇಶದ ಪೂರ್ವ ಭಾಗದಲ್ಲಿ ಯುದ್ಧ ಶುರುವಾಯಿತು. ದೊನೆತ್ಸ್ಕ್‌ನ ಹಳೆಯ ಕಾರ್ಖಾನೆಯೊಂದರಲ್ಲಿದ್ದ 'ಇಜೊಲ್ಯಾತ್ಸಿಯಾ' ಕಲಾಕೇಂದ್ರವನ್ನು ರಷ್ಯಾ ಬೆಂಬಲಿತ ಸಶಸ್ತ್ರ ಗುಂಪು ವಶಪಡಿಸಿಕೊಂಡು ಸೆರೆಮನೆಯಾಗಿ ಬದಲಾಯಿಸಿತು. ಈ ಕಾಲದ ಅತ್ಯಂತ ಆಪ್ತ ದಾಖಲೆ ಅಲೆವ್ತಿನಾ ಕಾಖಿದ್ಜೆ ಅವರ ರೇಖಾಚಿತ್ರಗಳಲ್ಲಿದೆ. ಆಕ್ರಮಿತ ಪ್ರದೇಶದ ಜ್ದಾನಿವ್ಕಾದಲ್ಲೇ ಉಳಿದ ಅವರ ತಾಯಿ ಮೊಬೈಲ್ ಸಿಗ್ನಲ್‌ಗಾಗಿ ಊರ ಸ್ಮಶಾನಕ್ಕೆ ನಡೆದುಹೋಗಿ ಮಗಳೊಂದಿಗೆ ಮಾತನಾಡುತ್ತಿದ್ದರು. ಆ ಮಾತುಗಳನ್ನು ಮಗಳು ಮಕ್ಕಳ ಚಿತ್ರದಂಥ ಸರಳ ಗೆರೆಗಳಲ್ಲಿ ಬರೆದಿಟ್ಟರು. ಪಿಂಚಣಿಯ ಸಲುವಾಗಿ ಗಡಿರೇಖೆ ದಾಟಬೇಕಾಗಿದ್ದ ಆ ತಾಯಿ 2019ರಲ್ಲಿ ಅಂಥದೇ ಒಂದು ಪ್ರಯಾಣದಲ್ಲಿ ತೀರಿಕೊಂಡರು. ಸೇನೆಯ ನಕಾಶೆಗಳು ಹೇಳದ ಯುದ್ಧ ಇಲ್ಲಿದೆ.

ಆದುದರಿಂದ 2022ರ ದಾಳಿ ಬಂದೆರಗಿದಾಗ ಉಕ್ರೇನಿನ ಕಲಾವಿದರು ಹೊಸ ಭಾಷೆಯನ್ನು ಹುಡುಕಬೇಕಾಗಿರಲಿಲ್ಲ. ಪಾವ್ಲೊ ಮಾಕೊವ್ 1990ರ ದಶಕದ ಖಾರ್ಕಿವ್‌ನಲ್ಲಿ ಕಲ್ಪಿಸಿದ್ದ 'ಬಳಲಿಕೆಯ ಕಾರಂಜಿ'ಯಲ್ಲಿ 78 ಕಂಚಿನ ಆಲಿಕೆಗಳಿವೆ. ಮೇಲಿನಿಂದ ಸುರಿದ ನೀರು ಪ್ರತಿ ಹಂತದಲ್ಲೂ ಕವಲೊಡೆದು, ಕೆಳಗೆ ಬರುವಷ್ಟರಲ್ಲಿ ಹನಿಗಳಾಗಿ ಉಳಿಯುತ್ತದೆ. ಆಕ್ರಮಣ ಆರಂಭವಾದ ದಿನವೇ ಕ್ಯುರೇಟರ್ ಮರಿಯಾ ಲಾಂಕೊ ಆ ಆಲಿಕೆಗಳನ್ನು ಕಾರಿನಲ್ಲಿ ತುಂಬಿಕೊಂಡು ಕೀವ್ ಬಿಟ್ಟರು, ಮತ್ತು ಅದೇ ವರ್ಷದ ವೆನಿಸ್ ದ್ವೈವಾರ್ಷಿಕ ಕಲಾಮೇಳದಲ್ಲಿ ಕಾರಂಜಿ ಹರಿಯಿತು. ಝಾನ್ನಾ ಕಾದಿರೊವಾ ಕೀವ್ ತೊರೆದು ಕಾರ್ಪೇಥಿಯನ್ ಬೆಟ್ಟಗಳ ಹಳ್ಳಿಯಲ್ಲಿ ಆಶ್ರಯ ಪಡೆದು, ಹೊಳೆ ನುಣುಪಾಗಿಸಿದ ಗುಂಡುಕಲ್ಲುಗಳನ್ನು ರೊಟ್ಟಿಯ ಹೋಳುಗಳಂತೆ ಕತ್ತರಿಸಿ ಮೇಜಿನ ಮೇಲೆ ಜೋಡಿಸಿದರು. 'ಓಪನ್ ಗ್ರೂಪ್' ತಂಡ 2024ರ ವೆನಿಸ್ ಮೇಳದ ಪೋಲೆಂಡ್ ಮಂಟಪದಲ್ಲಿ ತೋರಿಸಿದ ವಿಡಿಯೊದಲ್ಲಿ ನಿರಾಶ್ರಿತರು ತಾವು ಕೇಳಿದ ಶಸ್ತ್ರಗಳ ಸದ್ದನ್ನು ಬಾಯಿಯಿಂದಲೇ ಅನುಕರಿಸಿ, ಎದುರಿಗಿರುವವರೂ ಅದನ್ನೇ ಪುನರುಚ್ಚರಿಸುವಂತೆ ಕೇಳುತ್ತಾರೆ. ಅಲ್ಲಿ ಇಟ್ಟ ಮೈಕಿನ ಮುಂದೆ ನಿಂತ ಪ್ರೇಕ್ಷಕ ಬರೀ ನೋಡುಗನಾಗಿ ಉಳಿಯುವಂತಿಲ್ಲ.

ಯುದ್ಧ ಕಲಾವಿದರನ್ನೂ ಬಿಟ್ಟಿಲ್ಲ. ಅರವತ್ತರ ದಶಕದ ಭಿನ್ನಮತೀಯರ ಪೀಳಿಗೆಗೆ ಸೇರಿದ ಲ್ಯುಬೊವ್ ಪಾಂಚೆಂಕೊ ಕೀವ್ ಬಳಿಯ ಆಕ್ರಮಿತ ಬೂಚಾದಲ್ಲಿ ಅನ್ನವಿಲ್ಲದೆ ನಲುಗಿ 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹೋರ್ಸ್ಕಾ ಮತ್ತು ಸಂಗಡಿಗರು 1967ರಲ್ಲಿ ಮರಿಯುಪೊಲ್‌ನಲ್ಲಿ ರಚಿಸಿದ ಮೊಸಾಯಿಕ್‌ಗಳು 2022ರ ಮುತ್ತಿಗೆಯಲ್ಲಿ ಹಾನಿಗೊಂಡವು. ಪೊಕ್ರೊವ್ಸ್ಕ್ ನಗರದ ಉದ್ಯಾನದಲ್ಲಿ ಹಿಂದೆ ಸೋವಿಯತ್ ಯುದ್ಧವಿಮಾನವಿದ್ದ ಜಾಗದಲ್ಲಿ ಕಾದಿರೊವಾ 2019ರಲ್ಲಿ ನಿಲ್ಲಿಸಿದ್ದ, ಕಾಗದ ಮಡಿಚಿದಂತೆ ಕಾಣುವ ಕಾಂಕ್ರೀಟ್ ಜಿಂಕೆಯನ್ನು, ಯುದ್ಧರೇಖೆ ಹತ್ತಿರವಾದಾಗ, 2024ರಲ್ಲಿ ಅಲ್ಲಿಂದ ಎತ್ತಿ ಸಾಗಿಸಲಾಯಿತು.