ಎಂವಿ ತೆರೆದ ಎರಡು ಬಾಗಿಲು

ಚನ್ನರಾಯಪಟ್ಟಣ ಅಂದ ಕೂಡಲೇ ಹಾಸನ ಜಿಲ್ಲೆಗೆ ಹೋಗ್ಬೇಡಿ. ನಾನು ಹೇಳ್ತಿರೋದು ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಏರೋಸ್ಪೇಸ್ ಪಾರ್ಕ್‌ಗೆ ಅಂತ ಗುರುತಿಸಿದ್ದ 1,777 ಎಕರೆಯ ಭೂಸ್ವಾಧೀನ ಕೈಬಿಡ್ತೀವಿ ಅಂತ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರಲ್ಲ, ಅದೇ ಊರು.

ಅಲ್ಲೊಬ್ಬ ರೈತರು ನನ್ನನ್ನ ಕೇಳಿದರು: "ಭೂಮಿ ಉಳೀತು ಸಾರ್. ಹುಡುಗ ಹತ್ತನೇ ಕ್ಲಾಸು ಮುಗಿಸ್ದ. ಐಟಿಐಗೆ ಹಾಕ್ಲಾ, ಇಂಜಿನಿಯರಿಂಗ್ ಓದಿಸ್ಲಾ? ಯಾವುದ್ರಲ್ಲಿ ದುಡ್ಡು ಜಾಸ್ತಿ?"

ನಾನು ಇಂಜಿನಿಯರಿಂಗ್ ಓದಿದವನು. ನನ್ನ ಮೊದಲ ಸಂಬಳಕ್ಕಿಂತ, ನಮ್ಮ ಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ತಿಂಗಳಿಗೆ ಹೆಚ್ಚು ದುಡೀತಿದ್ದರು. ಹಾಗಂತ ತಕ್ಷಣ "ಐಟಿಐಗೆ ಹಾಕಿ" ಅನ್ನೋಕೆ ಬಾಯಿ ಬರಲಿಲ್ಲ. ಯಾಕೆ? ಸ್ವಲ್ಪ ಇತಿಹಾಸ ನೋಡೋಣ.

ದೇವನಹಳ್ಳಿಯಿಂದ ನಂದಿಯ ಕಡೆ ಹೋದರೆ ಸಿಗೋ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅದೇ ಇಂದಿನ ಯುವಿಸಿಇ. ಇದು ಎಲ್ಲರಿಗೂ ಗೊತ್ತು. ಆದರೆ 1943ರಲ್ಲಿ ಅದೇ ಬೆಂಗಳೂರಿನಲ್ಲಿ ಕೈಕಸುಬಿನ ತಾಂತ್ರಿಕ ಶಿಕ್ಷಣಕ್ಕೆ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಲು ಕಾರಣರೂ ಅವರೇ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಿದ್ದ ಹಣವನ್ನ ಅದಕ್ಕೆ ಕೊಡಿಸಿದರು. ಒಬ್ಬರೇ ತೆರೆದ ಎರಡು ಬಾಗಿಲು. ನಾವು ಕೈಮುಗಿದಿದ್ದು ಮಾತ್ರ ಒಂದಕ್ಕೆ.

ಎರಡನೇ ಬಾಗಿಲಿಗೂ ಒಂದು ಕಾಲ ಇತ್ತು. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅಲ್ಲಿನ ಫಿಟ್ಟರ್, ಟರ್ನರ್‌ಗೆ ಪರ್ಮನೆಂಟ್ ಕೆಲಸ, ಪಿಎಫ್, ಕ್ಯಾಂಟೀನ್, ಕ್ವಾರ್ಟರ್ಸ್ ಇತ್ತು. ಮಗಳನ್ನ ಕೊಡೋರೂ ಮುಂದೆ ಬರ್ತಿದ್ದರು. ಸುಮ್ಮನೆ ಬಂದಿದ್ದಲ್ಲ ಸ್ವಾಮಿ. 1980-81ರಲ್ಲಿ ಸಂಬಳಕ್ಕಾಗಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಕೂತಿದ್ದರು.

ಅಂದ್ರೆ ಅವರ ಮನೆ ಕಟ್ಟಿದ್ದು ಬರೀ ಕೈಚಳಕ ಅಲ್ಲ, ಕೆಲಸದ ಭದ್ರತೆ. ಈಗ ಅದೇ ಕೈಚಳಕ ಎಷ್ಟೋ ಕಡೆ ಕಂಟ್ರಾಕ್ಟ್ ಮೇಲೆ ನಡೀತಿದೆ. ಸ್ವಂತವಾಗಿ ದುಡಿಯೋ ಪ್ಲಂಬರ್‌ಗೆ ಒಳ್ಳೇ ತಿಂಗಳಲ್ಲಿ ಕೈತುಂಬ ಕಾಸು; ಸೊಂಟ ಹಿಡಿದರೆ ಆ ತಿಂಗಳು ಸೊನ್ನೆ. ಮೇಜಿನ ಕೆಲಸದವನಿಗೆ ರಜೆ ಹಾಕಿದರೂ ಸಂಬಳ. ವ್ಯತ್ಯಾಸ ಇರೋದು ಅಲ್ಲಿ.

ಕೊನೆಗೆ ಆ ರೈತರಿಗೆ ಹೀಗಂದೆ: "ಯಜಮಾನ್ರೇ, ಐಟಿಐ ಅಂದ್ರೆ ದಾರಿ ಮುಗೀತು ಅಂತಲ್ಲ. ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾದಿಂದ ಬಿಇ ಎರಡನೇ ವರ್ಷಕ್ಕೂ ಹೋಗಬಹುದು. ಹುಡುಗನಿಗೆ ಯಾವುದರಲ್ಲಿ ಮನಸ್ಸಿದೆ ಅಂತ ಕೇಳಿ. ಕೆಲಸ ಕೊಡ್ತೀವಿ ಅನ್ನೋರನ್ನ ಮಾತ್ರ ಇನ್ನೊಂದು ಕೇಳಿ: ಪರ್ಮನೆಂಟಾ, ಕಂಟ್ರಾಕ್ಟಾ?"

ಅವರು ನಕ್ಕರು. "ಅದನ್ನೇ ಸಾರ್, ಇಷ್ಟು ದಿನ ನಾವೂ ಕೇಳಿದ್ದು."