ಕಾಡನ್ನು ಬಳಸುವವರೂ ಕಾಯುವವರೂ

ಉತ್ತರ ಕನ್ನಡ ಜಿಲ್ಲೆಯ ಹಳೆಯ ನಕಾಶೆಯಲ್ಲಿ ಸೂಪಾ ಎಂಬ ಊರಿದೆ. ನೆಲದ ಮೇಲೆ ಅದು ಈಗ ಇಲ್ಲ. 1987ರಲ್ಲಿ ಮುಗಿದ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರು ಅದನ್ನು ನುಂಗಿತು. ತಾಲೂಕಿಗೂ ಜೋಯಿಡಾ ಎಂಬ ಹೆಸರು ಬಂದಿತು. ಆದರೆ ಊರು ಮುಳುಗುವುದಕ್ಕೆ ನೂರು ವರ್ಷ ಮೊದಲೇ ಇಲ್ಲಿಯ ಗುಡ್ಡಗಳಲ್ಲಿ ಒಂದು ಜಗಳ ಹತ್ತಿತ್ತು. ಕಾಡನ್ನು ಬಳಸುವವರು ಒಂದು ಕಡೆ, ಕಾಯುವವರು ಇನ್ನೊಂದು ಕಡೆ.

ಕುಣಬಿಗಳೇ ಮೊದಲಾದವರು ಇಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದರು. ಇಳಿಜಾರಿನ ಗಿಡಮರ ಕಡಿದು ಒಣಗಿಸುವುದು, ಮಳೆಗೆ ಮುಂಚೆ ಸುಟ್ಟು ಬೂದಿಯಲ್ಲಿ ರಾಗಿ ಬಿತ್ತುವುದು, ಒಂದೆರಡು ಬೆಳೆಯಾದ ಮೇಲೆ ಆ ನೆಲವನ್ನು ಮತ್ತೆ ಕಾಡಿಗೆ ಬಿಟ್ಟು ಮುಂದೆ ಹೋಗುವುದು. ಹಡಗಿಗೂ ರೈಲುಹಾದಿಗೂ ಮರ ಬೇಕಾಗಿದ್ದ ಸರಕಾರಕ್ಕೆ ಇದು ಬರೀ ಸಾಗವಾನಿಯ ನಾಶವಾಗಿ ಕಂಡಿತು. ಈ ಸೀಮೆ ಮದ್ರಾಸಿಗೆ ಸೇರಿದ್ದಾಗ, 1860ರಲ್ಲಿ, ಸರಕಾರಿ ಕಾಡಿನಲ್ಲಿ ಅಪ್ಪಣೆಯಿಲ್ಲದ ಕುಮರಿಗೆ ನಿಷೇಧ ಬಂದಿತು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಹೋಯಿತು. 1878ರ ಅರಣ್ಯ ಕಾಯದೆ ಬಿಗಿಯನ್ನು ಇನ್ನೂ ಹೆಚ್ಚಿಸಿತು.

ಸಿಟ್ಟು ಶಿರಸಿ, ಸಿದ್ದಾಪುರಗಳಲ್ಲಿಯೂ ಇತ್ತು. ಆದರೆ ಅಲ್ಲಿಯ ಅಡಿಕೆ ತೋಟಿಗರಿಗೆ ಅಕ್ಷರ ಗೊತ್ತು, ಕಚೇರಿಯ ದಾರಿ ಗೊತ್ತು. ಅರ್ಜಿ ಬರೆದರು, 1880ರ ದಶಕದಲ್ಲಿ ವನದುಃಖ ನಿವಾರಣೆಗೆಂದೇ ಸಭೆ ಕಟ್ಟಿದರು. ತೋಟಕ್ಕೆ ಎಷ್ಟು ಸೊಪ್ಪು ಬೇಕು ಎಂಬ ವಾದ ಲೆಕ್ಕಕ್ಕೆ ಇಳಿಯಿತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟವೆಂಬ ಹಕ್ಕು ಕಾಗದಕ್ಕೆ ಬಂದಿತು. ಜಗಳ ನಿಂತಿತೆಂದಲ್ಲ, ಅದು ಕೂತು ಆಡುವ ಮಾತಾಯಿತು. ಸೂಪಾದ ಕುಮರಿಯವನಿಗೆ ಸರ್ವೇ ನಂಬರೂ ಇಲ್ಲ, ಅರ್ಜಿ ಬರೆಯುವವನೂ ಇಲ್ಲ. ಅವನ ಮಾತು ಗಾರ್ಡನ ಎದುರಿಗೆ ಆಡಿ ಅಲ್ಲಿಯೇ ಮುಗಿಯಿತು. ನನಗೆ ತೋರುವಂತೆ, ಇವನು ಸೋತದ್ದು ವಾದದಲ್ಲಿ ಅಲ್ಲ. ವಾದಿಸುವ ಜಾಗವೇ ಇವನಿಗೆ ಇರಲಿಲ್ಲ.

ಕರಾವಳಿಯಲ್ಲಿ ಬೇರೊಂದು ಪ್ರಯೋಗ ನಡೆಯಿತು. ಕಾಲಿನ್ಸ್ ಎಂಬ ಅಧಿಕಾರಿ 1921ರಲ್ಲಿ ಜನರ ಅರಣ್ಯ ಸವಲತ್ತುಗಳ ಬಗೆಗೆ ವರದಿ ಕೊಟ್ಟನು. ಆ ದಶಕದಲ್ಲಿ ಕುಮಟಾ ತಾಲೂಕಿನ ಹಳಕಾರದಂಥ ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳಾದವು. ಕಾವಲುಗಾರನನ್ನು ಇಟ್ಟವರೂ ಊರವರೇ, ದರಕು ಗುಡಿಸಿ ಒಯ್ಯುವವರೂ ಊರವರೇ. ತಪ್ಪಿದವನು ಪಂಚರ ಮುಂದೆ ನಿಲ್ಲಬೇಕು. ಅವರು ನೆರೆಮನೆಯವರು, ನಾಳೆಯೂ ಮುಖ ನೋಡಬೇಕಾದವರು. ಹಾಗಾಗಿ ಬೈಗಳಕ್ಕೂ ಒಂದು ಮಿತಿ! 1979ರಲ್ಲಿ ಸರಕಾರ ಈ ಪಂಚಾಯತಿಗಳನ್ನು ರದ್ದುಮಾಡಹೊರಟಾಗ ಹಳಕಾರದವರು ನ್ಯಾಯಾಲಯಕ್ಕೆ ಹೋಗಿ ತಮ್ಮ ಕಾಡನ್ನು ಉಳಿಸಿಕೊಂಡರು.

ಮರಳಿ ಸೂಪಾದ ಕಡೆಗೆ ಬರೋಣ. 2006ರ ಅರಣ್ಯ ಹಕ್ಕು ಕಾಯದೆ ಗ್ರಾಮಸಭೆಯ ಮುಂದೆ ಹಕ್ಕು ಕೇಳುವ ಅವಕಾಶ ಕೊಟ್ಟಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಇದ್ದುದನ್ನು ತೋರಿಸಬೇಕು. ಜೋಯಿಡಾದ ಕುಣಬಿಗಳು ಆ ಪಟ್ಟಿಯಲ್ಲಿಲ್ಲ. ಹೊಲವನ್ನೇ ಗುಡ್ಡದಿಂದ ಗುಡ್ಡಕ್ಕೆ ಒಯ್ಯುತ್ತಿದ್ದವರ ಮೊಮ್ಮಕ್ಕಳು ಯಾವ ಕಾಗದ ತಂದಾರು? ಕಾಯದೆಯ ನಿಯಮಗಳಲ್ಲಿ ಇದಕ್ಕೊಂದು ದಾರಿಯಿದೆ: ಹಕ್ಕು ಕೇಳುವವನನ್ನು ಬಿಟ್ಟು ಊರಿನ ಬೇರೆ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಆ ಹಿರಿಯರು ಬೆರಳು ಮಾಡಿ ತೋರಿಸಬೇಕಾದ ಹಳೆಯ ಊರುಗಳಲ್ಲಿ ಕೆಲವು ಮಾತ್ರ ಈಗ ನೀರಿನಡಿಯಲ್ಲಿವೆ.