ಭದ್ರಾವತಿಯ ಕುಲುಮೆಯಿಂದ ಸೋಗಾನೆಯ ರನ್‌ವೇವರೆಗೆ: ಕಸುಬು ಕಲಿತು ಪರದೇಶಕ್ಕೆ ಹೋಗುವ ದಾರಿಯ ಕಥೆ

2023ರ ಜನವರಿಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಮರುತಿಂಗಳು, ಫೆಬ್ರವರಿ 27ರಂದು, ಅಲ್ಲಿಂದ ಅಷ್ಟೇನೂ ದೂರವಿಲ್ಲದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನೂರು ವರ್ಷ ಅನ್ನ ಕೊಟ್ಟ ಬಾಗಿಲಿಗೆ ಬೀಗದ ಮಾತು, ಹೊರದೇಶದ ಕನಸಿಗೆ ಹೊಸ ಬಾಗಿಲು. ಎರಡೂ ಒಂದೇ ಚಳಿಗಾಲದಲ್ಲಿ ನಡೆದವು.

ಸೋಗಾನೆಯಿಂದ ನೇರವಾಗಿ ದುಬೈಗೋ ಜಪಾನಿಗೋ ವಿಮಾನ ಇಲ್ಲ. ಆದರೂ ಸುತ್ತಲಿನ ಹಳ್ಳಿಗಳಲ್ಲಿ ಈಗ ಕೇಳಿಬರುವ ಪ್ರಶ್ನೆ ಒಂದೇ: ಕಡಿಮೆ ಖರ್ಚಿನಲ್ಲಿ ಯಾವ ಕೋರ್ಸ್ ಮಾಡಿದರೆ ಹೊರದೇಶದಲ್ಲಿ ಕೆಲಸ ಸಿಗುತ್ತದೆ? ಉತ್ತರ ಹುಡುಕಲು ಏಜೆಂಟರ ಬೋರ್ಡ್ ನೋಡುವ ಮೊದಲು ನಮ್ಮದೇ ಊರಿನ ಚರಿತ್ರೆಯನ್ನು ಒಮ್ಮೆ ನೋಡೋಣ.

ಬೆಂಕಿಪುರಕ್ಕೆ ಕಸುಬು ಬಂದದ್ದು

ಭದ್ರಾ ನದಿ ದಂಡೆಯ ಈ ಊರಿಗೆ ಮೊದಲು ಬೆಂಕಿಪುರ ಎಂಬ ಹೆಸರಿತ್ತು. ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸ ಶುರುವಾದದ್ದು 1918ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಉರಿಸುವ ಇದ್ದಿಲು ಮಲೆನಾಡಿನ ಕಾಡಿನಿಂದ. 1923ರಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು.

ಕಬ್ಬಿಣ ನಮ್ಮದು, ಇದ್ದಿಲು ನಮ್ಮದು. ಕುಲುಮೆ ನಡೆಸುವ ವಿದ್ಯೆ ಮಾತ್ರ ನಮ್ಮದಲ್ಲ. ಅದಕ್ಕೆ ಅಮೆರಿಕದ ತಜ್ಞರನ್ನು ಕರೆಸಬೇಕಾಯಿತು. ಅವರ ಕೈಯಲ್ಲಿದ್ದದ್ದು ಈಗ ನಾವು ಹುಡುಕುತ್ತಿರುವ ವಸ್ತುವೇ: ಎಲ್ಲಿ ಹೋದರೂ ಬೆಲೆ ಇರುವ ಕಸುಬು. ಪರದೇಶಕ್ಕೆ ಹೋಗಿ ದುಡಿಯುವುದು ಬಡವರ ಗತಿಗೇಡು ಮಾತ್ರ ಅಲ್ಲ, ಕಸುಬು ಬಲ್ಲವರ ಬಲವೂ ಹೌದು ಎಂದು ಭದ್ರಾವತಿ ಅಂದೇ ಕಣ್ಣಾರೆ ಕಂಡಿತ್ತು.

ದಿವಾನ ಹುದ್ದೆ ಬಿಟ್ಟ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಹೊರಗಿನವರನ್ನೇ ನಂಬಿ ಕೂರಬಾರದು, ಇಲ್ಲಿಯವರೇ ಕಲಿಯಬೇಕು ಎಂಬುದು ಅವರ ಹಟ. 1913ರಲ್ಲಿ, ಅವರು ದಿವಾನರಾಗಿದ್ದಾಗಲೇ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ಶುರುವಾಗಿತ್ತು. 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಸಂಸ್ಥಾನವು ವಿದ್ಯಾರ್ಥಿವೇತನ ಕೊಟ್ಟು ಯುವಕರನ್ನು ಹೊರದೇಶಗಳಿಗೂ ಕಳಿಸುತ್ತಿತ್ತು.

ಮೇಸ್ತ್ರಿಯ ಮಾತೇ ಸರ್ಟಿಫಿಕೇಟು

ಎಂಜಿನಿಯರುಗಳು ಕಾಲೇಜಿನಿಂದ ಬಂದರು, ಕಾರ್ಮಿಕರು ಹೊಲ-ಗದ್ದೆಯಿಂದ ಬಂದರು. ತಮಿಳು, ತೆಲುಗು, ಮಲಯಾಳ ಮಾತಾಡುವವರೂ ಇಲ್ಲಿ ಬಂದು ನೆಲೆಸಿದರು. ಮೋಲ್ಡಿಂಗ್, ಫಿಟ್ಟಿಂಗ್, ಟರ್ನಿಂಗ್, ವೆಲ್ಡಿಂಗ್ ಎಲ್ಲವನ್ನೂ ಹಳಬರ ಪಕ್ಕ ನಿಂತು ನೋಡಿ ಕಲಿತರು. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಇನ್ನಷ್ಟು ಜನರಿಗೆ ಕೆಲಸ ಕೊಟ್ಟಿತು.

ಈ ಕಲಿಕೆಯಲ್ಲಿ ಒಂದು ತೊಡಕಿತ್ತು. ಕೆಲಸ ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಮೇಸ್ತ್ರಿಯ ಮಾತು ಮಾತ್ರ. ಕಾರ್ಖಾನೆಯ ಗೇಟಿನ ಒಳಗೆ ಆ ಮಾತಿಗೆ ತೂಕವಿತ್ತು. ಗೇಟು ದಾಟಿದರೆ ಕೇಳುವವರಿಲ್ಲ.

ಆ ತೊಡಕಿಗೆ ಪರಿಹಾರ ಸ್ವಾತಂತ್ರ್ಯದ ನಂತರ ಬಂತು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿತು. ನಮ್ಮ ಐಟಿಐಗಳ ಮೂಲ ಅದೇ. 1956ರಲ್ಲಿ ಎನ್‌ಸಿವಿಟಿ ಮಂಡಳಿ ರಚನೆಯಾಯಿತು. ಮಂಡ್ಯದಲ್ಲಿ ಕಲಿತರೂ ಮೀರತ್‌ನಲ್ಲಿ ಕಲಿತರೂ ಫಿಟ್ಟರ್‌ಗೆ ಒಂದೇ ಪಠ್ಯ, ಒಂದೇ ಪರೀಕ್ಷೆ, ಒಂದೇ ಪ್ರಮಾಣಪತ್ರ ಎಂಬ ವ್ಯವಸ್ಥೆ ಬೆಳೆಯಿತು. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯೊಳಗಿನ ಕಲಿಕೆಗೂ ಕಾನೂನಿನ ಮುದ್ರೆ ಒತ್ತಿತು. ಕಲಿಯುವವನಿಗೆ ಸ್ಟೈಪೆಂಡ್ ಕೊಡಬೇಕಾಯಿತು.

ಗಲ್ಫ್ ಕರೆದಾಗ

1973ರಲ್ಲಿ ತೈಲದ ಬೆಲೆ ಏರಿತು. ಗಲ್ಫ್ ದೇಶಗಳ ಕೈಗೆ ಹಣ ಬಂತು, ರಸ್ತೆ, ಬಂದರು, ಕಟ್ಟಡಗಳ ಕೆಲಸ ಹೆಚ್ಚಿತು. ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಜನ ದೊಡ್ಡ ಸಂಖ್ಯೆಯಲ್ಲಿ ಹೋದರು. ಜನ ಹೊರಟ ಕೂಡಲೇ ದಲ್ಲಾಳಿಗಳೂ ಹುಟ್ಟಿದರು. ಸುಳ್ಳು ವೀಸಾ, ಹೇಳಿದ್ದೊಂದು ಕೊಟ್ಟದ್ದೊಂದು ಕೆಲಸ, ಸಿಗದ ಸಂಬಳ: ದೂರುಗಳು ಬೆಳೆದವು.

ಆಗ ಇದ್ದದ್ದು 1922ರ ಬ್ರಿಟಿಷ್ ಕಾಲದ ವಲಸೆ ಕಾಯ್ದೆ. ಅದನ್ನು ತೆಗೆದು 1983ರಲ್ಲಿ ಹೊಸ ವಲಸೆ ಕಾಯ್ದೆ ತಂದರು. ಅದರ ಎರಡು ಅಂಶ ಇಂದಿಗೂ ನಮ್ಮ ಹಳ್ಳಿಗಳಿಗೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು, ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ತೋಟ ಅಡವಿಟ್ಟು ಎರಡು-ಮೂರು ಲಕ್ಷ ಕೊಡಿ ಎಂದು ಕೇಳುವವನು ಈ ಮಿತಿ ನಿಮಗೆ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಕೇಳುತ್ತಿರುತ್ತಾನೆ. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಫೋನಿನಲ್ಲೇ ನೋಡಬಹುದು.

ಎರಡನೆಯದು ಪಾಸ್‌ಪೋರ್ಟಿನ ವಿಷಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ಸಾಮಾನ್ಯವಾಗಿ ಇಸಿಆರ್ ಎಂದು ಬರುತ್ತದೆ. ಅಂಥವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಇದು ಬೇಡ. ಮನೆಯಲ್ಲಿ ಯಾರಾದರೂ ಎಸ್ಸೆಸ್ಸೆಲ್ಸಿಯಲ್ಲಿ ಒಂದೋ ಎರಡೋ ವಿಷಯ ಉಳಿಸಿಕೊಂಡಿದ್ದರೆ, ಮೊದಲು ಅದನ್ನು ಮುಗಿಸುವುದೇ ಎಲ್ಲಕ್ಕಿಂತ ಅಗ್ಗದ ಕೋರ್ಸ್.

ಕಾಗದವಿಲ್ಲದ ವಿದ್ಯೆ

ನಮ್ಮ ಜಿಲ್ಲೆಯಿಂದ ಯಾವ ಕೋರ್ಸೂ ಇಲ್ಲದೆ ಪರದೇಶ ಕಂಡವರೂ ಇದ್ದಾರೆ. ಹಕ್ಕಿಪಿಕ್ಕಿ ಸಮುದಾಯದವರು. ಬೇಟೆ ಅವರ ಹಿರಿಯರ ಬದುಕಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆಯ ವ್ಯಾಪಾರ ಹಿಡಿದು ಅವರು ಆಫ್ರಿಕಾದ ದೇಶಗಳವರೆಗೂ ಹೋದರು. ಹೆಚ್ಚು ಓದಿಲ್ಲದವರು ಹೊಸ ಭಾಷೆ ಕಲಿತು, ಊರೂರು ಸುತ್ತಿ, ಮನೆಗೆ ಹಣ ತಂದದ್ದು ಸಣ್ಣ ಸಾಹಸವಲ್ಲ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಶಿವಮೊಗ್ಗ ಜಿಲ್ಲೆಯವರೂ ಇದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಮೂಲಕ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಜೀವ ಉಳಿಯಿತು. ಆದರೆ ಸಾಲ ಮಾಡಿ ಹೋದವರ ಸರಕು ಅಲ್ಲೇ ಉಳಿಯಿತು. ಕಂಪನಿಯ ಕೆಲಸಗಾರನಿಗಾದರೆ ಕರಾರುಪತ್ರ ಇರುತ್ತದೆ, ವಿಮೆ ಇರುತ್ತದೆ, ಕೇಳಲು ಒಬ್ಬ ಮಾಲೀಕ ಇರುತ್ತಾನೆ. ಇವರಿಗೆ ಅದಾವುದೂ ಇರಲಿಲ್ಲ. ವಿದ್ಯೆ ಕಡಿಮೆ ಇತ್ತೆಂದಲ್ಲ, ಆ ವಿದ್ಯೆಗೆ ಕಾಗದದ ಬೆಂಬಲ ಇರಲಿಲ್ಲ.

ಈಗಿನ ಬಾಗಿಲುಗಳು

ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ದೇಶಗಳು ತಾವಾಗಿಯೇ ಬಾಗಿಲು ತೆರೆದಿವೆ. ಕಾರಣ ಸರಳ: ಅಲ್ಲಿ ಮುದುಕರು ಹೆಚ್ಚಾದರು, ದುಡಿಯುವ ಕೈ ಕಡಿಮೆಯಾದವು.

ಜಪಾನ್ ಜೊತೆ ತಾಂತ್ರಿಕ ತರಬೇತಿಯ ಒಪ್ಪಂದ 2017ರಲ್ಲಿ ಆಯಿತು. ‘ನಿರ್ದಿಷ್ಟ ಕುಶಲ ಕೆಲಸಗಾರ’ ವೀಸಾಕ್ಕೆ 2021ರಲ್ಲಿ ಇನ್ನೊಂದು ಒಪ್ಪಂದವಾಯಿತು. ಈ ವೀಸಾದ ಮೊದಲ ಹಂತದಲ್ಲಿ ಐದು ವರ್ಷದವರೆಗೆ ದುಡಿಯಬಹುದು, ಕುಟುಂಬ ಕರೆದೊಯ್ಯುವಂತಿಲ್ಲ. ಸಾಮಾನ್ಯವಾಗಿ ಕೆಲಸದ ಪರೀಕ್ಷೆಯ ಜೊತೆಗೆ ಜಪಾನಿ ಭಾಷೆಯ ಪರೀಕ್ಷೆಯನ್ನೂ ಪಾಸಾಗಬೇಕು.

ಜರ್ಮನಿ 2020ರಲ್ಲಿ ಕುಶಲಕರ್ಮಿಗಳ ವಲಸೆ ಕಾಯ್ದೆ ಜಾರಿಗೆ ತಂದು, 2023ರಲ್ಲಿ ಸಡಿಲಿಸಿತು. ಭಾರತದೊಡನೆ ವಲಸೆ ಒಪ್ಪಂದ 2022ರಲ್ಲಿ ಆಯಿತು. ಅನುಭವದ ಆಧಾರದ ಮೇಲೆ ಹೋಗುವವರಿಗೆ ಅಲ್ಲಿ ಒಂದು ಮುಖ್ಯ ನಿಯಮವಿದೆ: ನಮ್ಮ ದೇಶದಲ್ಲಿ ಸರ್ಕಾರಿ ಮಾನ್ಯತೆ ಇರುವ, ಕನಿಷ್ಠ ಎರಡು ವರ್ಷದ ತರಬೇತಿ, ಜೊತೆಗೆ ಇತ್ತೀಚಿನ ಐದು ವರ್ಷದಲ್ಲಿ ಎರಡು ವರ್ಷದ ಅನುಭವ. ಸಂಬಳದ ಕನಿಷ್ಠ ಮಿತಿಯೂ ಇದೆ.

ಈ ‘ಎರಡು ವರ್ಷ’ವನ್ನು ಗಮನಿಸಿ. ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡ್‌ಗಳು. ವೆಲ್ಡರ್, ಪ್ಲಂಬರ್ ಒಂದು ವರ್ಷದವು. ವೆಲ್ಡರ್‌ಗೆ ಗಲ್ಫ್‌ನಲ್ಲಿ ಬೇಡಿಕೆ ಇಲ್ಲವೆಂದಲ್ಲ, ಆದರೆ ಈ ನಿಯಮಕ್ಕೆ ಆ ಒಂದು ವರ್ಷ ಸಾಲದು. ಇನ್ನು, ಮೂರು ತಿಂಗಳಲ್ಲಿ ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’ ಕೊಡುತ್ತೇವೆ ಎನ್ನುವ ಖಾಸಗಿ ಕೋರ್ಸು ಎಷ್ಟು ದುಬಾರಿಯಾದರೂ ಇಂಥ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರಿ ಐಟಿಐಯ ಶುಲ್ಕ ಅದರ ಮುಂದೆ ತೀರಾ ಕಡಿಮೆ.

ಕೋರ್ಸ್ ಸೇರುವ ಮೊದಲು ಕೇಳಬೇಕಾದ್ದು

ನೂರು ವರ್ಷದ ಈ ಕಥೆಯಿಂದ ನಾಲ್ಕು ಪ್ರಶ್ನೆ ಹುಟ್ಟುತ್ತವೆ. ಪ್ರವೇಶದ ದಿನ ಅಪ್ಪ-ಅಮ್ಮ ಜೊತೆಗೆ ನಿಂತು ಇವನ್ನು ಕೇಳಲಿ.

ಒಂದು, ಪ್ರಮಾಣಪತ್ರ ಕೊಡುವವರು ಯಾರು? ಕೇಂದ್ರ ಸರ್ಕಾರದ ಸಂಸ್ಥೆಯೋ, ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯೋ, ಅಥವಾ ಆ ಸಂಸ್ಥೆಯೇ ಅಚ್ಚು ಹಾಕಿಸಿದ್ದೋ?

ಎರಡು, ಕೋರ್ಸಿನ ಅವಧಿ ಎಷ್ಟು? ಹೋಗಬೇಕೆಂದಿರುವ ದೇಶ ಎಷ್ಟು ಕೇಳುತ್ತದೆ?

ಮೂರು, ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಅನುಭವ ಪಡೆಯಲು ಹತ್ತಿರದಲ್ಲಿ ಕಾರ್ಖಾನೆ ಇದೆಯೇ? ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು ನಮ್ಮ ಕಣ್ಣೆದುರಿಗೇ ಇವೆ.

ನಾಲ್ಕು, ಭಾಷೆ ಕಲಿಯಲು ಸಮಯ ಇಟ್ಟುಕೊಂಡಿದ್ದೀರಾ? ಜಪಾನಿಗೂ ಜರ್ಮನಿಗೂ ಹೋಗಬೇಕೆಂದರೆ ಕೋರ್ಸಿನ ಮೊದಲ ವರ್ಷದಿಂದಲೇ ಭಾಷೆ ಶುರುಮಾಡುವುದು ಲೇಸು.

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕ ಕೋರ್ಸಿಗೆ ಇನ್ನೊಂದು ಲಾಭವಿದೆ. ವೀಸಾ ಸಿಗದೇ ಹೋದರೂ ಅದು ವ್ಯರ್ಥವಾಗದು. ಅದೇ ಪ್ರಮಾಣಪತ್ರ ಹಿಡಿದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಅರ್ಜಿ ಹಾಕಬಹುದು. ತೋಟ ಅಡವಿಟ್ಟು ಕೊಂಡ ವೀಸಾಕ್ಕೆ ಆ ಗುಣವಿಲ್ಲ.